ಒಂದೂವರೆ ಗೇಣಿನ ಸಂದು

ದಫೇದಾರರ ಹೊಟ್ಟೆ ಕಾರಿನ ಬಾಗಿಲಿಗೂ ಗ್ಯಾರೇಜಿನ ಗೋಡೆಗೂ ನಡುವೆ ಸಿಕ್ಕಿಕೊಂಡಿತು.

“ಮೇಡಂ, ಇದರಾಚೆ ಆಗೋದಿಲ್ಲ,” ಎಂದರು ಅವರು, ಉಸಿರು ಬಿಗಿಹಿಡಿದು.

“ಇನ್ನೊಂದು ಸಲ ನೋಡಿ.”

“ನೋಡೋದೇನು, ಅಂಗಿ ಗುಂಡಿ ಎರಡು ಆಗಲೇ ಕಿತ್ತುಹೋಗಿವೆ. ಈಗ ವಾಪಸ್ ಸೀಟಿಗೆ ಹೋಗೋಕಾದ್ರೂ ಆಗುತ್ತೋ ಇಲ್ವೋ.”

ಬೇರೆ ದಿನವಾಗಿದ್ದರೆ ಇನ್‌ಸ್ಪೆಕ್ಟರ್ ನಕ್ಕುಬಿಡುತ್ತಿದ್ದಳು. ಇವತ್ತು ನಗು ಬರಲಿಲ್ಲ. ಒಂಬತ್ತು ದಿನದ ಹಿಂದೆ ಇದೇ ಗ್ಯಾರೇಜಿನಲ್ಲಿ, ಇದೇ ಕಾರಿನ ಸ್ಟೇರಿಂಗ್ ಮುಂದೆ, ಈ ಮನೆಯ ಯಜಮಾನರಾದ ನಿವೃತ್ತ ಪೋಸ್ಟ್‌ಮಾಸ್ತರರು ಸೀಟಿಗೆ ಒರಗಿ ಸತ್ತಿದ್ದರು. ಶಟರ್ ನೆಲದವರೆಗೆ ಇಳಿದಿತ್ತು. ಕೀಲಿ ತಿರುಗಿಸಿದ ಹಾಗೇ ಇತ್ತು. ಪೆಟ್ರೋಲ್ ಮುಗಿದು ಎಂಜಿನ್ ತಾನಾಗಿ ನಿಂತುಹೋಗಿತ್ತು. ಠಾಣೆಯ ಕಡತದಲ್ಲಿ ಅದನ್ನು ಆತ್ಮಹತ್ಯೆ ಎಂದು ಬರೆದಿದ್ದರು.

ಸಂಜೆ ಐದು ಗಂಟೆಗೆ ಆ ಕಡತಕ್ಕೆ ಅವಳ ಸಹಿ ಬೀಳಬೇಕಿತ್ತು. ಸಾಹೇಬರು ಬೆಳಿಗ್ಗೆಯೇ ಫೋನು ಮಾಡಿ, “ಇನ್ನೂ ಯಾಕೆ ಎಳೀತಾ ಇದೀರಿ, ಎಲ್ಲಾ ಕನ್ನಡಿ ಹಿಡಿದ ಹಾಗಿದೆಯಲ್ಲ,” ಎಂದಿದ್ದರು. ಸಹಿ ಹಾಕಿದರೆ ಠಾಣೆಗೆ ಒಂದು ಕೆಲಸ ಮುಗಿಯುತ್ತಿತ್ತು. ಆದರೆ ಮನೆಯ ಮುಂದಿನ ಕೋಣೆಯಲ್ಲಿ ಕೂತಿರುವ ಇಪ್ಪತ್ತನಾಲ್ಕು ವರ್ಷದ ಮಗಳು ಇನ್ನು ಬದುಕಿರುವಷ್ಟು ದಿನ ಅಪ್ಪನನ್ನು ಕೊಂದವಳು ತಾನೇ ಎಂದು ನಂಬಿಕೊಂಡು ಇರಬೇಕಾಗುತ್ತಿತ್ತು.

ಆ ಹುಡುಗಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮನೆ ಬಿಟ್ಟು ಗೆಳತಿಯ ಜೊತೆ ಕೋಣೆ ಮಾಡಿಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದಳು. ಅಪ್ಪ ಬೇಡವೆಂದಿದ್ದರು. ಅವತ್ತು ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ ಅವಳು ಆಡಿದ ಮಾತನ್ನು ಅವಳೇ ಪೊಲೀಸರಿಗೆ ಬರೆದುಕೊಟ್ಟಿದ್ದಳು: “ನೀವು ಕಟ್ಟಿಸಿದ ಗ್ಯಾರೇಜೂ ನಿಮ್ಮ ಹಾಗೇ ಅಪ್ಪ. ಒಳಗೆ ಹೋದೋರು ಹೊರಗೆ ಬರೋ ಹಾಗಿಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತನ್ನ ತಂದೆಗೆ ತಾನು ಹೇಳಿದ ಕೊನೆಯ ಮಾತು ಯಾವುದೆಂದು ಇನ್‌ಸ್ಪೆಕ್ಟರಿಗೂ ನೆನಪಿತ್ತು. ಅದೂ ಒಳ್ಳೆಯ ಮಾತಾಗಿರಲಿಲ್ಲ. ಹಾಗಾಗಿಯೇ ಈ ಒಂಬತ್ತು ದಿನ ಅವಳು ಈ ಕಡತವನ್ನು ಮೇಜಿನ ಮೇಲೆ ಬಿಡದೆ ಮನೆಗೂ ಹೊತ್ತುಕೊಂಡು ಓಡಾಡಿದ್ದಳು.

ದಫೇದಾರರು ಹೇಗೋ ತೆವಳಿ ಮತ್ತೆ ಸೀಟಿನೊಳಗೆ ಬಿದ್ದರು. ಅವರನ್ನು ಸುಮ್ಮನೆ ಆರಿಸಿರಲಿಲ್ಲ. ಪೋಸ್ಟ್‌ಮಾಸ್ತರರ ಪ್ಯಾಂಟಿನ ಸೊಂಟ ನಲವತ್ತಾರು ಇಂಚು, ದಫೇದಾರರದು ನಲವತ್ತೈದು. ಕಾರನ್ನೂ ಅವತ್ತು ನಿಂತಿದ್ದ ಹಾಗೆಯೇ, ಚಕ್ರಗಳ ಸುತ್ತ ಪೊಲೀಸರು ಎಳೆದಿದ್ದ ಸೀಮೆಸುಣ್ಣದ ಗೆರೆಯ ಮೇಲೆಯೇ ನಿಲ್ಲಿಸಿದ್ದರು. ಸ್ಟೇರಿಂಗ್ ಕಡೆಯ ಬಾಗಿಲು ನಾಲ್ಕು ಬೆರಳು ತೆರೆದು ಗೋಡೆಗೆ ಬಡಿಯಿತು. ಆಚೆ ಕಡೆಯ ಬಾಗಿಲು ಇನ್ನಷ್ಟು ತೆರೆಯಿತು, ಅದರ ಫಲ ಈಗ ನೋಡಿದ್ದೇ. ಹಿಂದಿನ ಬಾಗಿಲುಗಳದೂ ಅದೇ ಕಥೆ. ಡಿಕ್ಕಿ ಒಳಗಿನಿಂದ ತೆರೆಯುವಂಥದ್ದಲ್ಲ.

“ಅಲ್ಲಿಂದ ಕೈ ಚಾಚಿ ಶಟರ್ ಮುಟ್ಟೋಕೆ ಆಗುತ್ತಾ?” ಇನ್‌ಸ್ಪೆಕ್ಟರ್ ಕೇಳಿದಳು.

ದಫೇದಾರರು ಕಿಟಕಿಯಿಂದ ಕೈ ಹೊರಗೆ ಹಾಕಿ ಹಿಂದಕ್ಕೆ ಬೀಸಿ ನೋಡಿದರು. “ಇನ್ನೂ ಎಂಟು ಅಡಿ ಬೇಕು ಮೇಡಂ.”

“ಹಾಗಾದರೆ ಅವರು ಎಳೆದಿಲ್ಲ.”

ಮಾತು ಚಿಕ್ಕದು. ಆದರೆ ಕಡತದಲ್ಲಿ ಬರೆದಿದ್ದ ಆತ್ಮಹತ್ಯೆ ಅಲ್ಲಿಗೇ ಬಿದ್ದುಹೋಯಿತು.

ಬಾಗಿಲ ಬಳಿ ನಿಂತಿದ್ದ ಮೇಸ್ತ್ರಿ ತಲೆ ಬಗ್ಗಿಸಿ ನೆಲ ನೋಡುತ್ತಿದ್ದ. ಈ ಗ್ಯಾರೇಜನ್ನು ಕಟ್ಟಿದವನು ಅವನೇ. ಅರವತ್ತು ದಾಟಿದ, ಒಣಗಿದ ಸೌದೆಯಂಥ ಮೈಯ ಮನುಷ್ಯ. ಬರಹೇಳಿದ್ದಕ್ಕೆ ಅಳತೆಯ ಟೇಪು, ರಸಮಟ್ಟ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಬಂದಿದ್ದ, ಯಾವುದನ್ನೂ ಹೊರಗೆ ತೆಗೆದಿರಲಿಲ್ಲ.

“ಇಷ್ಟು ಇಕ್ಕಟ್ಟಾಗಿ ಯಾಕೆ ಕಟ್ಟಿದ್ರಿ?” ಎಂದು ಕೇಳಿದಳು ಇನ್‌ಸ್ಪೆಕ್ಟರ್.

“ನಾನು ಕಟ್ಟಲಿಲ್ಲ ಮೇಡಂ, ಜಾಗ ಕಟ್ಟಿಸ್ತು.” ಅವನು ಹಿತ್ತಲಿನ ಕಡೆ ಕೈ ತೋರಿಸಿದ. “ಸೈಟಿನ ಅಗಲ ಹದಿನೆಂಟು ಅಡಿ. ಮನೆಗೆ ತಾಗಿಸಬಾರದು, ಬೇರೆಯಾಗೇ ಕಟ್ಟಬೇಕು, ಎರಡೂ ಕಡೆ ಪಕ್ಕದವರ ಗೋಡೆಯಿಂದ ಮೂರ್ಮೂರು ಅಡಿ ಬಿಡಬೇಕು ಅಂತ ನಗರಸಭೆಯವರ ಕಟ್ಟಳೆ. ಉಳಿದದ್ದು ಹನ್ನೆರಡು. ಅದರಲ್ಲಿ ನೀರಿನ ತೊಟ್ಟಿ ಮೂರೂವರೆ ತಿಂದಿತ್ತು. ನನ್ನ ಕೈಗೆ ಸಿಕ್ಕಿದ್ದು ಎಂಟೂವರೆ.”

“ಎಂಟೂವರೆ ಅಡಿಯಲ್ಲಿ ಕಾರಿನ ಬಾಗಿಲು ಧಾರಾಳವಾಗಿ ತೆರೆಯುತ್ತಲ್ಲ.”

ಮೇಸ್ತ್ರಿ ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟ. ಈ ಪ್ರಶ್ನೆಯನ್ನು ಅವನು ತನಗೆ ತಾನೇ ಬಹಳ ಸಲ ಕೇಳಿಕೊಂಡಿದ್ದ ಹಾಗಿತ್ತು.

“ನಾವು ಅಗಲ ಅಂದ್ರೆ ಹೊರಗಿಂದ ಹೊರಗೆ ಹಿಡೀತೀವಿ. ನೂಲು ಕಟ್ಟೋದೇ ಹಾಗೆ. ಮಾಸ್ತರರು ಒಳಗಿಂದ ಒಳಗೆ ಅಂತ ತಿಳ್ಕೊಂಡಿದ್ರು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಒಂಬತ್ತೊಂಬತ್ತು ಇಂಚಿನ ಗೋಡೆ ಎರಡು, ಒಳಗಡೆ ಒಂದೊಂದು ಇಂಚು ಗಾರೆ. ಕೊನೆಗೆ ಉಳಿದದ್ದು ಏಳಡಿಗೆ ಎರಡಿಂಚು ಕಮ್ಮಿ.”

“ತೆಳ್ಳಗಿನ ಗೋಡೆ ಹಾಕಬಹುದಿತ್ತು.”

“ಹಾಕಬಹುದಿತ್ತು. ನಲವತ್ತು ವರ್ಷದಲ್ಲಿ ನಾನು ಅರ್ಧ ಇಟ್ಟಿಗೆ ಗೋಡೆ ಮೇಲೆ ಸೂರು ಕೂರಿಸಿದವನಲ್ಲ ಅನ್ನೋ ಜಂಬ ಇತ್ತು ಮೇಡಂ. ಈಗ ಯಾರ ಹತ್ರ ಹೇಳ್ಕೊಳ್ಳಲಿ.”

ಮನೆ ಕಟ್ಟಿ ನೋಡು ಎಂದ ಹಿರಿಯರು ಗ್ಯಾರೇಜನ್ನೂ ಅದರಲ್ಲಿ ಸೇರಿಸಿದ್ದರೆ ಚೆನ್ನಾಗಿತ್ತು. ಸೂರು ಹಾಕಿ ಮುಗಿಸಿದ ಮೇಲೆ ಕಾರು ತಂದು ನಿಲ್ಲಿಸಿ ನೋಡಿದ ದಿನ ಮಾಸ್ತರರು ಕೂಗಾಡಲಿಲ್ಲವಂತೆ. ಮೂರು ದಿನ ಮೇಸ್ತ್ರಿಯ ಮುಖ ನೋಡಲಿಲ್ಲ, ನಾಲ್ಕನೆಯ ದಿನ ಒಂದು ಡಬ್ಬ ಹಳದಿ ಬಣ್ಣ ತಂದು ನೆಲದ ಮೇಲೆ ಎರಡು ಗೆರೆ ಎಳೆದರು. ಅಲ್ಲಿಂದ ಆ ಮನೆಯಲ್ಲಿ ಒಂದು ಪದ್ಧತಿ ಶುರುವಾಯಿತು. ಕಾರನ್ನು ಬಾಗಿಲಿನವರೆಗೆ ಓಡಿಸುವುದು, ಎಲ್ಲರೂ ಇಳಿಯುವುದು, ಸ್ಟೇರಿಂಗ್ ನೆಟ್ಟಗೆ ಬಿಟ್ಟು ಅಪ್ಪ ಮಗಳು ಹಿಂದಿನಿಂದ ತಳ್ಳುವುದು. ಗೆರೆಯ ಮೇಲೆ ಚಕ್ರ ಉರುಳಿ ಕಾರು ನಟ್ಟನಡುವೆ ಹೋಗಿ ನಿಲ್ಲುತ್ತಿತ್ತು. ನೆಲ ಬಾಗಿಲ ಕಡೆಗೆ ಇಳಿಜಾರಾದ್ದರಿಂದ ಹಿಂದಿನ ಚಕ್ರಕ್ಕೆ ಇಟ್ಟಿಗೆ ಕೊಡುತ್ತಿದ್ದರು.

“ಅವತ್ತು ಇಟ್ಟಿಗೆ ಇರಲಿಲ್ಲ,” ಎಂದಳು ಇನ್‌ಸ್ಪೆಕ್ಟರ್. “ಹ್ಯಾಂಡ್‌ಬ್ರೇಕ್ ಎಳೆದಿತ್ತು.”

“ಅದಷ್ಟೇ ಅಲ್ಲ ಮೇಡಂ.” ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂತು ಸೀಮೆಸುಣ್ಣದ ಗೆರೆಯನ್ನೂ ಹಳದಿ ಗೆರೆಯನ್ನೂ ಬೆರಳಲ್ಲಿ ಅಳೆದ. “ತಳ್ಳಿದ ಕಾರು ಹೀಗೆ ನಿಲ್ಲಲ್ಲ. ಗೆರೆ ಬಿಟ್ಟು ಐದು ಇಂಚು ಸರಿದಿದೆ, ಸ್ಟೇರಿಂಗ್ ಕಡೆ ಗೋಡೆಗೆ ಒತ್ತಿ. ಇದು ಒಳಗೆ ಕೂತು ಓಡಿಸಿ ತಂದದ್ದು. ಅದೂ ಬೇಕಂತಲೇ ಒತ್ತಿ ನಿಲ್ಲಿಸಿದ್ದು. ಕುರುಡನಿಗೂ ಐದಿಂಚು ತಪ್ಪಲ್ಲ.”

ಕಡತದಲ್ಲಿ ಇದಕ್ಕೆ, ‘ಮನಸ್ಸು ಕದಡಿದ್ದರಿಂದ ವಾಹನ ಓರೆಯಾಗಿ ನಿಲ್ಲಿಸಲಾಗಿದೆ’ ಎಂಬ ವಿವರಣೆ ಇತ್ತು. ಬರೆದವನು ಕೂತಲ್ಲೇ ಬರೆದಿದ್ದ, ಬಗ್ಗಿ ಅಳೆದಿರಲಿಲ್ಲ.

ಇನ್‌ಸ್ಪೆಕ್ಟರ್ ದಫೇದಾರರನ್ನು ಸ್ಟೇರಿಂಗ್ ಕಡೆಗೆ ಸರಿಯಹೇಳಿ, ತಾನು ಹಿಂದಿನ ಬಾಗಿಲಿನಿಂದ ಅಡ್ಡಡ್ಡವಾಗಿ ನುಸುಳಿ ಮುಂದಿನ ಸೀಟಿಗೆ ಬಂದು ಕೂತಳು. ಅವಳು ಸಣ್ಣಗಿದ್ದಳು. ಆಚೆ ಬಾಗಿಲು ತೆರೆದು, ಎದೆಯ ಉಸಿರೆಲ್ಲ ಹೊರಗೆ ಬಿಟ್ಟು, ಬೆನ್ನು ಗೋಡೆಗೆ ಉಜ್ಜುತ್ತಾ ಇಳಿದಳು. ಸಂದು ಒಂದೂವರೆ ಗೇಣು ಇತ್ತು. ಹಾಗೇ ಪಕ್ಕಪಕ್ಕಕ್ಕೆ ಹೆಜ್ಜೆಯಿಟ್ಟು ಶಟರಿನ ಹತ್ತಿರ ಬಂದು ನಿಂತಳು. ಅಂಗಿಯ ಬೆನ್ನಿಗೆಲ್ಲ ಸುಣ್ಣ ಹತ್ತಿತ್ತು.

“ಸಪೂರ ಇರೋರು ಇಳೀಬಹುದು,” ಎಂದರು ದಫೇದಾರರು ಕಾರಿನೊಳಗಿಂದ. ಹೇಳಿ ಮೇಸ್ತ್ರಿಯ ಒಣ ಮೈಯನ್ನೇ ದಿಟ್ಟಿಸಿದರು.

ಮೇಸ್ತ್ರಿಗೆ ಅರ್ಥವಾಯಿತು. “ಅವತ್ತು ನಾನು ಇನ್ನೊಂದು ಕಡೆ ತಾರಸಿ ಕಾಂಕ್ರೀಟ್ ಹಾಕಿಸ್ತಿದ್ದೆ ಸಾರ್. ಬೆಳಿಗ್ಗೆ ಏಳಕ್ಕೆ ಹಿಡಿದ ಕೆಲಸ ಸಂಜೆ ಆರರ ತನಕ ನಿಲ್ಲಿಸೋಕಾಗಲ್ಲ. ಹನ್ನೆರಡು ಆಳು ಇದ್ರು, ಯಾರನ್ನ ಬೇಕಾದ್ರೂ ಕೇಳಿ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಕೊಂದವನು ನಾನಲ್ಲ. ಆದ್ರೆ ಆ ಗೋಡೆ ಇನ್ನು ಒಂದು ಅಡಿ ಆಚೆ ಇದ್ದಿದ್ರೆ ಮಾಸ್ತರರು ಇಳಿದು ಹೊರಗೆ ಬರ್ತಿದ್ರು. ಅದನ್ನ ನಾನು ಸಾಯೋ ತನಕ ಮರೆಯಲ್ಲ.”

ಇನ್‌ಸ್ಪೆಕ್ಟರ್ ಅವನ ಹೆಗಲು ಮುಟ್ಟಿ ಓಣಿಗೆ ಇಳಿದು ಮನೆಯ ಕಡೆ ನಡೆದಳು. ಅವಳ ಮನಸ್ಸು ಹಗುರಾಗಿತ್ತು ಎಂದರೆ ತಪ್ಪಲ್ಲ. ಮಾಸ್ತರರ ಪಕ್ಕದಲ್ಲಿ ಯಾರೋ ಕೂತಿದ್ದರು. ಆ ಯಾರೋ ಇಳಿಯಲಿ ಎಂದೇ ಮಾಸ್ತರರು ಕಾರನ್ನು ತಮ್ಮ ಕಡೆ ಗೋಡೆಗೆ ಒತ್ತಿದ್ದರು. ಸಾಯಲು ಹೊರಟವನು ಇನ್ನೊಬ್ಬರ ಅನುಕೂಲ ನೋಡಿ ಕಾರು ನಿಲ್ಲಿಸುವುದಿಲ್ಲ. ಹಾರನ್ ಯಾಕೆ ಒತ್ತಲಿಲ್ಲ ಎಂಬ ಸಾಹೇಬರ ಪ್ರಶ್ನೆಗೂ ಆಸ್ಪತ್ರೆಯ ವೈದ್ಯರು ಉತ್ತರ ಕೊಟ್ಟಿದ್ದರು: ಆ ಹೊಗೆಯಲ್ಲಿನ ವಿಷಕ್ಕೆ ವಾಸನೆಯಿಲ್ಲ, ಹೆದರಿಕೆ ಬರುವ ಮೊದಲೇ ನಿದ್ದೆ ಬರುತ್ತದೆ. ಹುಡುಗಿಗೆ ಹೇಳಲು ಕೊನೆಗೂ ಒಂದು ಒಳ್ಳೆಯ ಸುದ್ದಿ ಸಿಕ್ಕಿತ್ತು.

ಗಂಟೆ ಮೂರೂಕಾಲು. ಮುಂದಿನ ಕೋಣೆಯಲ್ಲಿ ಹುಡುಗಿ ಅಪ್ಪನ ಹಳೆಯ ಅಂಗಿಗಳನ್ನು ರಾಶಿ ಹಾಕಿಕೊಂಡು ಕತ್ತರಿಯಿಂದ ಗುಂಡಿ ಬಿಡಿಸುತ್ತಿದ್ದಳು. ಬಿಡಿಸಿದ ಗುಂಡಿಗಳನ್ನು ಒಂದು ಲೋಟಕ್ಕೆ ಹಾಕುತ್ತಿದ್ದಳು. ಒಂಬತ್ತು ದಿನದಲ್ಲಿ ಅವಳ ಮುಖ ಒಂದು ಹಿಡಿಯಾಗಿತ್ತು.

“ಅಮ್ಮ ಎಲ್ಲಿ?”

“ಒಳಗೆ ಮಲಗಿದ್ದಾರೆ ಮೇಡಂ. ಎದ್ದರೆ ಅಳ್ತಾರೆ, ಅದಕ್ಕೆ ಎಬ್ಬಿಸಿಲ್ಲ.”

ಇನ್‌ಸ್ಪೆಕ್ಟರ್ ಎದುರಿನ ಕುರ್ಚಿ ಎಳೆದು ಕೂತಳು. “ನೋಡಮ್ಮ, ನಿನಗೊಂದು ಮಾತು ಹೇಳಬೇಕು. ನಿಮ್ಮಪ್ಪ ತಾವಾಗಿ ಸತ್ತಿಲ್ಲ. ಶಟರ್ ಅವರು ಎಳೆದಿಲ್ಲ, ಎಳೆಯೋಕೆ ಸಾಧ್ಯವೇ ಇರಲಿಲ್ಲ. ನಿನ್ನ ಮಾತಿಗೆ ಅವರು ಸತ್ತರು ಅನ್ನೋದನ್ನ ಇವತ್ತಿಗೆ ಬಿಟ್ಟುಬಿಡು.”

ಕತ್ತರಿ ನಿಂತಿತು. ಮುಳುಗುವವರಿಗೆ ಹುಲ್ಲುಕಡ್ಡಿ ಸಿಕ್ಕರೂ ಬಿಡುವುದಿಲ್ಲ ಎನ್ನುತ್ತಾರೆ. ಈ ಹುಡುಗಿಯ ಮುಂದೆ ಇನ್‌ಸ್ಪೆಕ್ಟರ್ ದೋಣಿಯನ್ನೇ ತಂದು ನಿಲ್ಲಿಸಿದ್ದಳು. ಹುಡುಗಿ ಅದನ್ನು ಕಾಲಿನಿಂದ ಒದ್ದಳು.

“ಇಲ್ಲ ಮೇಡಂ. ಅಪ್ಪನೇ ಮಾಡ್ಕೊಂಡಿದ್ದು.”

“ಕಾರಿನಿಂದ ಇಳಿಯೋಕೇ ಆಗದವರು ಶಟರ್ ಹೇಗೆ ಎಳೀತಾರೆ?”

“ಹಗ್ಗ ಕಟ್ಟಿ ಕಿಟಕಿಯಿಂದ ಎಳೆದಿರಬಹುದು.”

“ಹಗ್ಗ ಸಿಕ್ಕಿಲ್ಲ.”

“ಹಾಗಾದ್ರೆ ತಾನಾಗೇ ಜಾರಿರುತ್ತೆ.”

“ಆ ಶಟರ್ ಎರಡೂ ಕೈಯಲ್ಲಿ ಜೋತುಬಿದ್ದರೆ ಮಾತ್ರ ಇಳಿಯುತ್ತೆ. ನಾನು ಬೆಳಿಗ್ಗೆ ನಾಲ್ಕು ಸಲ ಎಳೆದು ನೋಡಿದೀನಿ.”

“ನಾನು ಆ ಮಾತು ಆಡಬಾರದಿತ್ತು ಮೇಡಂ. ಬರೆದುಕೊಟ್ಟಿದೀನಲ್ಲ. ಇನ್ನೇನು ಬೇಕು ನಿಮಗೆ?”

ಇನ್‌ಸ್ಪೆಕ್ಟರ್ ಅವಳನ್ನೇ ನೋಡುತ್ತಾ ಕೂತಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ತಪ್ಪನ್ನು ಜಾಡಿಸಿಕೊಳ್ಳಲು ಒದ್ದಾಡುವವರನ್ನು ಅವಳು ಸಾಕಷ್ಟು ಕಂಡಿದ್ದಳು. ತಪ್ಪನ್ನು ತಬ್ಬಿಕೊಂಡು ಕೊಡುವುದಿಲ್ಲ ಎಂದು ಹಟ ಮಾಡುವವರು ಅಪರೂಪ. ತನ್ನ ಮೇಲಿನ ಆಪಾದನೆಗೆ ತಾನೇ ವಕೀಲಳಾಗಿ ಈ ಹುಡುಗಿ ವಾದ ಮಾಡುತ್ತಿದ್ದಳು. ಹಗುರಾಗಿದ್ದ ಮನಸ್ಸು ಇನ್‌ಸ್ಪೆಕ್ಟರಿಗೆ ಮತ್ತೆ ಭಾರವಾಯಿತು.

“ಅಪ್ಪನ ಪಕ್ಕದ ಸೀಟಿನಲ್ಲಿ ಒಬ್ಬರು ಕೂತಿದ್ದರು,” ಎಂದಳು ಅವಳು ನಿಧಾನವಾಗಿ. “ಅವರು ಇಳಿಯಲಿ ಅಂತ ನಿಮ್ಮಪ್ಪ ಆ ಕಡೆ ಜಾಗ ಬಿಟ್ಟಿದ್ದರು.”

“ಅಪ್ಪನಿಗೆ ಸರಿಯಾಗಿ ಓಡಿಸೋಕೆ ಬರ್ತಿರಲಿಲ್ಲ. ಯಾವಾಗಲೂ ಓರೆಯಾಗೇ ನಿಲ್ಲಿಸೋರು.”

“ಹಳದಿ ಗೆರೆ ಎಳೆದವರು ಓರೆಯಾಗಿ ನಿಲ್ಲಿಸಲ್ಲ.”

ಹುಡುಗಿ ಒಂದು ಅಂಗಿಯ ಕಾಲರಿನ ಗುಂಡಿಯನ್ನು ಬೆರಳಿಂದ ತಿರುಗಿಸುತ್ತಾ ಕೂತಳು.

“ಮಧ್ಯಾಹ್ನ ಮನೆಗೆ ಬಂದಿರಲಿಲ್ಲ ಅಂತ ಬರೆದುಕೊಟ್ಟಿದೀಯ. ಸಂಜೆ ಆರೂವರೆಗೆ ಬಂದು ನೋಡಿದಾಗಲೇ ಗೊತ್ತಾಗಿದ್ದು ಅಂತ. ನಿನ್ನೆ ನಾನು ನಿನ್ನ ಅಂಗಡಿಗೆ ಹೋಗಿದ್ದೆ.”

ಗುಂಡಿ ತಿರುಗಿಸುತ್ತಿದ್ದ ಬೆರಳು ನಿಂತಿತು.

“ಒಂದರಿಂದ ಎರಡೂವರೆ ತನಕ ಅಂಗಡಿ ಮುಚ್ಚುತ್ತೆ. ಅವತ್ತು ನೀನು ಊಟದ ಡಬ್ಬಿ ತಂದಿರಲಿಲ್ಲ, ಮನೆಗೆ ಹೋಗ್ತೀನಿ ಅಂತ ಹೇಳಿ ಹೊರಟೆ ಅಂದರು. ಅಂಗಡಿಯಿಂದ ಮನೆಗೆ ಹತ್ತೇ ನಿಮಿಷದ ದಾರಿ.”

ಕೇಳಲು ಇಷ್ಟವಿಲ್ಲದ ಪ್ರಶ್ನೆ ನಾಲಗೆಯ ತುದಿಗೆ ಬಂದು ನಿಂತಿತ್ತು. ಇನ್‌ಸ್ಪೆಕ್ಟರಿಗೆ ಅದನ್ನು ನುಂಗಿಬಿಡಬೇಕೆನ್ನಿಸಿತು. ಐದು ಗಂಟೆಗೆ ಸುಮ್ಮನೆ ಸಹಿ ಹಾಕಿಬಿಟ್ಟರೆ ಈ ಹುಡುಗಿ ದುಃಖದಲ್ಲಿ ಬದುಕುತ್ತಿದ್ದಳು, ಆದರೆ ಬದುಕುತ್ತಿದ್ದಳು. ಅವಳನ್ನು ಬಿಡಿಸಲೆಂದೇ ತಾನು ಅಗೆಯುತ್ತಾ ಬಂದ ದಾರಿ ಸುತ್ತಿ ಬಳಸಿ ಅವಳ ಕಾಲ ಬುಡಕ್ಕೇ ಬಂದಿತ್ತು.

“ಶಟರ್ ಎಳೆದವಳು ನೀನಾ?”

ಹುಡುಗಿ ತಲೆಯಾಡಿಸಿದಳು.

“ಬಾಯಲ್ಲಿ ಹೇಳು.”

“ನಾನೇ ಎಳೆದೆ ಮೇಡಂ.”

“ಯಾಕೆ?”

“ತಪ್ಪಾಯ್ತು ಅಪ್ಪ ಅಂತ ಹೇಳೋಕೆ ಬಂದಿದ್ದೆ.” ಅವಳ ಕಣ್ಣಲ್ಲಿ ನೀರು ಬರಲಿಲ್ಲ, ಅದು ಖರ್ಚಾಗಿಹೋಗಿತ್ತು. “ಬೆಳಿಗ್ಗೆಯಿಂದ ಅಂಗಡಿಯಲ್ಲಿ ಅದೇ ಯೋಚನೆ. ಬಂದು ನೋಡಿದ್ರೆ ಕಾರು ಒಳಗಿತ್ತು, ಶಟರ್ ಅರ್ಧ ಮೇಲಿತ್ತು. ಬಿಸಿಲು ಜಾಸ್ತಿ ಅಂತ ಏಸಿ ಹಾಕ್ಕೊಂಡಿದ್ರು, ಎಂಜಿನ್ ಸದ್ದು ಕೇಳ್ತಿತ್ತು. ಅಪ್ಪ ಕನ್ನಡಿಯಲ್ಲಿ ನನ್ನ ನೋಡಿ ಕಿಟಕಿ ಇಳಿಸಿದ್ರು. ಒಂದು ಮಾತು ಹೇಳಿದ್ರು. ನನಗೆ ತಪ್ಪಾಯ್ತು ಅನ್ನೋಕೂ ಬಿಡಲಿಲ್ಲ. ಸಿಟ್ಟು ಬಂತು. ಎಳೆದು ಹೊರಟುಹೋದೆ.”

“ಏನು ಹೇಳಿದರು?”

ಹುಡುಗಿ ಒಳಕೋಣೆಯ ಬಾಗಿಲ ಕಡೆ ನೋಡಿದಳು. ಬಾಗಿಲು ಸುಮ್ಮನೆ ಮುಂದಕ್ಕೆ ದೂಡಿತ್ತು. ಅದರ ಹಿಂದೆ ಮಲಗಿರುವ ಹೆಂಗಸು ಮಗಳಿಗಿಂತಲೂ ಸಣ್ಣಗಿನ ಮೈಯವಳು. ಅವತ್ತು ಬೆಳಿಗ್ಗೆಯಿಂದ ರಾತ್ರಿ ಎಂಟರವರೆಗೂ ಅಕ್ಕನ ಮನೆಯಲ್ಲಿದ್ದೆ ಎಂದು ಹೇಳಿಕೆ ಕೊಟ್ಟವಳು. ಇನ್‌ಸ್ಪೆಕ್ಟರ್ ಆ ಹೇಳಿಕೆಯನ್ನು ಅಕ್ಕನ ಮನೆಗೆ ಹೋಗಿ ಸರಿನೋಡಿರಲಿಲ್ಲ. ಗಂಡ ಸತ್ತ ಹೆಂಗಸಿನ ಮಾತನ್ನು ಯಾರು ತಾನೇ ಸರಿನೋಡುತ್ತಾರೆ ಎಂದುಕೊಂಡಿದ್ದಳು. ಈಗ ಅವಳಿಗೆ ಅರ್ಥವಾಯಿತು: ಮಗಳು ತಾನು ಮಾಡಿದ ತಪ್ಪಿಗಲ್ಲ, ಇನ್ನೊಬ್ಬರ ಪಾಲಿನ ಭಾರಕ್ಕೆ ಹೆಗಲು ಕೊಟ್ಟು ಕೂತಿದ್ದಳು.

“ಮೆಲ್ಲಗೆ ಹೇಳ್ತೀನಿ ಮೇಡಂ,” ಎಂದಳು ಹುಡುಗಿ. “ಈ ಮನೆಯಲ್ಲಿ ಏನು ಮಾತಾಡಿದ್ರೂ ಪಕ್ಕದವರಿಗೆ ಕೇಳುತ್ತೆ. ಕೈ ಚಾಚಿದ್ರೆ ಅವರ ಕಿಟಕಿ. ಅದಕ್ಕೆ ಅವರಿಬ್ರೂ ಜಗಳ ಇದ್ದಾಗೆಲ್ಲ ಕಾರನ್ನ ಒಳಗೆ ತಂದು ಅದರಲ್ಲೇ ಕೂತ್ಕೋತಿದ್ರು. ಗ್ಯಾರೇಜ್ ಆದಾಗಿನಿಂದ ಅದೊಂದೇ ಜಾಗ, ಗಟ್ಟಿಯಾಗಿ ಮಾತಾಡೋಕೆ.”

“ಅವರಿಬ್ರೂ ಅಂದ್ರೆ?”

“ಶಟರ್ ಎಳೆದು ಹೋಗಮ್ಮ, ನಿಮ್ಮಮ್ಮನ ಹತ್ರ ಸ್ವಲ್ಪ ಮಾತಾಡೋದಿದೆ, ಅಂದ್ರು ಅಪ್ಪ.”

ಹಾಗಾದರೆ ಆ ಶಟರನ್ನು ಒಳಗಿನಿಂದ ಎತ್ತಿ ಹೊರಬಂದು, ಎಂಜಿನ್ ಓಡುತ್ತಿರುವಾಗಲೇ ಮತ್ತೆ ನೆಲಕ್ಕೆ ಎಳೆದವರು ಇನ್ನೊಬ್ಬರು. ಆಮೇಲೆ, ಮುಂದಕ್ಕೆ ದೂಡಿದ್ದ ಆ ಬಾಗಿಲು ಪೂರ್ತಿ ಮುಚ್ಚಿಕೊಂಡಿತು. ಯಾರೋ ಒಳಗಿನಿಂದ ಚಿಲಕ ಹಾಕಿದರು.